ಕೆಂಪು ದಾರದ ಕುರಿ

ನಮ್ಮ ಕಡೆ ಕಾಡುಕುರಿ ಅಂದರೆ ಕುರಿ ಅಲ್ಲವೇ ಅಲ್ಲ. ಅದು ಜಿಂಕೆ ಜಾತಿಯ ಸಣ್ಣ ಪ್ರಾಣಿ. ಸಂಜೆ ಹೊತ್ತಿಗೆ ತೋಟದ ಮೇಲಿನ ಗುಡ್ಡದಲ್ಲಿ ನಾಯಿ ಬೊಗಳಿದ ಹಾಗೆ ಕೂಗುತ್ತದೆ. ಹಾಗಾಗಿ ನನ್ನ ಚಿಕ್ಕಮ್ಮನ ಮಗಳು ಅಮೆರಿಕದಿಂದ ಫೋನ್ ಮಾಡಿ, ಕಾಡುಕುರಿಗಳ ಹಿಂದೆ ಬೆಟ್ಟ ಹತ್ತಿ ಇಳಿಯೋದೇ ಈಗ ನನ್ನ ಕೆಲಸ ಅಂದಾಗ ಅಮ್ಮ, "ಅದಕ್ಕೆ ಅಷ್ಟು ದೂರ ಯಾಕೆ ಹೋದೆ, ಇಲ್ಲೇ ನಮ್ಮ ಹಾಡ್ಯದಲ್ಲಿ ಇದಾವಲ್ಲ" ಅಂದರು. ಅವಳು ಹೇಳಿದ್ದು ನಿಜವಾದ ಕುರಿಯ ಬಗ್ಗೆ. ಯಾರೂ ಸಾಕದ, ಬಂಡೆಗಳ ಮೇಲೆ ತಾನಾಗಿ ಬದುಕುವ ಕುರಿ. ಬಿಗ್‌ಹಾರ್ನ್ ಅಂತ ಹೆಸರು. ದೊಡ್ಡ ಟಗರಿನ ಕೊಂಬು ಹಿಂದಕ್ಕೆ ಹೋಗಿ, ಸುರುಳಿ ಸುತ್ತಿ, ಮತ್ತೆ ಕೆನ್ನೆ ಹತ್ತಿರ ಬಂದು ನಿಲ್ಲುತ್ತದೆ. ಆ ಜೋಡಿ ಕೊಂಬೇ 14 ಕೆಜಿವರೆಗೆ ತೂಗುವುದುಂಟು.

ಅವಳು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ನಾನು ಪಶುಸಖಿ. ಆನಂದಪುರದಿಂದ ಸ್ವಲ್ಪ ಒಳಗೆ ನಮ್ಮೂರು. ಮನೆಮನೆಗೆ ಹೋಗಿ ದನಕರು, ಆಡು, ಕೋಳಿ ನೋಡುವುದು, ಲಸಿಕೆ ಹಾಕುವ ದಿನ ಹೇಳುವುದು, ಕಿವಿಗೆ ಓಲೆ ಹಾಕುವಾಗ ಡಾಕ್ಟರ್ ಜೊತೆ ನಿಲ್ಲುವುದು, ಎಲ್ಲ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಇಬ್ಬರೂ ಫೋನಿನಲ್ಲಿ ಮಾತಾಡೋಕೆ ಕೂತರೆ ಮನೆಯವರೆಲ್ಲ ಎದ್ದು ಹೋಗುತ್ತಾರೆ. ಜಂತುಹುಳ, ಕೆಮ್ಮು, ಬೇಧಿ, ಇದೇ ಮಾತು.

ಈ ಸಲ ಜನವರಿಯಲ್ಲಿ ಶಿಕಾರಿಪುರ ರಸ್ತೆ ಕಡೆಯ ನಮ್ಮ ಗದ್ದೆಗೆ ಕುರಿಮಂದೆ ಬಂತು. ಪ್ರತಿ ವರ್ಷವೂ ಬರುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆ ಕಡೆಯಿಂದ ಕುರಿಗಾಹಿಗಳು ಹೊರಡುತ್ತಾರೆ. ಗದ್ದೆಯಲ್ಲಿ ರಾತ್ರಿ ಕುರಿ ತಂಗಿಸಿದರೆ ನಮಗೆ ಗೊಬ್ಬರ, ಅವರಿಗೆ ಅಕ್ಕಿ, ಒಂದಿಷ್ಟು ದುಡ್ಡು. ಮಳೆ ಹಿಡಿಯುವ ಮೊದಲೇ ವಾಪಸು. ಮಲೆನಾಡಿನ ಮಳೆಯಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎರಡನೇ ರಾತ್ರಿ ನಾನು ಟಾರ್ಚ್ ಹಿಡಿದು ಗದ್ದೆ ಅಂಚಿಗೆ ಹೋಗಿದ್ದೆ. ಚಳಿ ಜಾಸ್ತಿ ಇತ್ತು. ಬಲೆ ಕಟ್ಟಿದ ದೊಡ್ಡಿಯೊಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಆಗ ಕೇಳಿಸಿತು. ಒಂದು ಮರಿ ಕೆಮ್ಮಿತು. ಒಣ ಕೆಮ್ಮು, ಸಣ್ಣ ಮಗು ಕೆಮ್ಮಿದ ಹಾಗೇ. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ ಮತ್ತೊಂದು. ನಾನು ನಿಂತಲ್ಲೇ ಎಣಿಸಿದೆ. ಐದು ಮರಿ. ತಾಯಿಗಳು ಒಂದೂ ಕೆಮ್ಮಲಿಲ್ಲ.

ಅವತ್ತು ರಾತ್ರಿಯೇ ತಂಗಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ಮರಿಗಳು ಮಾತ್ರ ಕೆಮ್ಮುತ್ತಿವೆ, ತಾಯಿಗಳು ಆರಾಮಾಗಿವೆ ಅಂದ ಕೂಡಲೇ ಅವಳು ಸುಮ್ಮನಾದಳು. ಆಮೇಲೆ, "ಅಕ್ಕಾ, ನಮ್ಮ ಕಣಿವೆಯ ಕಥೆ ಪೂರ್ತಿ ಇದೇ" ಅಂದಳು.

ಅವಳು ಇರುವುದು ಇಡಾಹೊ ರಾಜ್ಯದಲ್ಲಿ. ಸ್ನೇಕ್ ನದಿ ಕೊರೆದ ಹೆಲ್ಸ್ ಕ್ಯಾನ್ಯನ್ ಎಂಬ ಕಣಿವೆ ಅಲ್ಲಿದೆ. ಅತ್ತ ಒರೆಗಾನ್, ಮೇಲೆ ವಾಷಿಂಗ್ಟನ್ ರಾಜ್ಯ. ಉತ್ತರ ಅಮೆರಿಕದಲ್ಲೇ ಅತಿ ಆಳದ ನದಿ ಕಣಿವೆ. ಒಂದು ಕಾಲಕ್ಕೆ ಅಲ್ಲಿ ಈ ಕುರಿಗಳು ತುಂಬಾ ಇದ್ದವು. ಬೇಟೆ, ಹುಲ್ಲಿನ ಕೊರತೆ, ಸಾಕುಕುರಿಗಳಿಂದ ಬಂದ ರೋಗ ಎಲ್ಲ ಸೇರಿ 1940ರ ದಶಕದ ಹೊತ್ತಿಗೆ ಪೂರ್ತಿ ಖಾಲಿಯಾದವು. 1971ರಿಂದ ಬೇರೆ ಕಡೆಯ ಕುರಿಗಳನ್ನು ತಂದು ಮತ್ತೆ ಬಿಡಲು ಶುರು ಮಾಡಿದರು. ನಿಧಾನಕ್ಕೆ ಸಂಖ್ಯೆ ಏರುತ್ತಿತ್ತು. 1995-96ರ ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಸುಮಾರು 300 ಕುರಿ ಸತ್ತವು. ದೊಡ್ಡವು, ಚಿಕ್ಕವು ಅಂತ ಇಲ್ಲ, ಎಲ್ಲ ವಯಸ್ಸಿನವೂ.

ಸತ್ತದ್ದು ಸತ್ತವು, ಉಳಿದವು ಗಟ್ಟಿಯಾದವು, ಇನ್ನು ಪರವಾಗಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಹಾಗಾಗಲಿಲ್ಲ. ಮರು ವರ್ಷ ವಸಂತದಲ್ಲಿ ಕುರಿಗಳು ಈದವು. ಮರಿಗಳು ಚೆನ್ನಾಗಿಯೇ ಹುಟ್ಟಿದವು, ಬಂಡೆ ಮೇಲೆ ಕುಣಿದವು, ಒಂದು ತಿಂಗಳು ಕಳೆಯುವಾಗ ಕೆಮ್ಮೋಕೆ ಶುರು ಮಾಡಿ ಮೂರು ತಿಂಗಳಾಗುವಷ್ಟರಲ್ಲಿ ಹೆಚ್ಚಿನವು ಸತ್ತವು. ಅದರ ಮುಂದಿನ ವರ್ಷವೂ ಹಾಗೇ. ಎಷ್ಟೋ ಹಿಂಡುಗಳಲ್ಲಿ ಹತ್ತು ವರ್ಷ, ಅದಕ್ಕೂ ಜಾಸ್ತಿ ಹೀಗೇ ನಡೆಯಿತು. ಮುದಿ ಕುರಿಗಳು ಒಂದೊಂದೇ ಸಾಯುತ್ತಾ ಹೋದವು, ಅವುಗಳ ಜಾಗಕ್ಕೆ ಬರೋಕೆ ಎಳೆಯವು ಇರಲಿಲ್ಲ.

ರೋಗ ಯಾವುದು ಎಂದು ಹುಡುಕುವುದಕ್ಕೇ ವರ್ಷಗಳು ಹಿಡಿದವು. ಮೊದಲು ಪಾಶ್ಚುರೆಲ್ಲಾ ಬಳಗದ ರೋಗಾಣುಗಳ ಮೇಲೆ ಅನುಮಾನ. ಮಳೆಗಾಲಕ್ಕೆ ಮೊದಲು ನಾವು ದನಗಳಿಗೆ ಗಳಲೆ ರೋಗದ ಲಸಿಕೆ ಹಾಕಿಸುತ್ತೇವಲ್ಲ, ಅದೂ ಇದೇ ಬಳಗದ್ದು. ಆಮೇಲೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೆಸ್ಸರ್ ಮತ್ತು ಅವರ ಜೊತೆಯವರು ಇನ್ನೊಂದನ್ನು ಗುರುತಿಸಿದರು. ಮೈಕೋಪ್ಲಾಸ್ಮಾ ಓವಿನ್ಯುಮೋನಿಯೆ. ನಮ್ಮ ಉಸಿರಿನ ಕೊಳವೆಯೊಳಗೆ ಸಣ್ಣ ಸಣ್ಣ ರೋಮಗಳಿರುತ್ತವೆ, ಒಳಗೆ ಬಂದ ಕಸವನ್ನು ಅವು ಗುಡಿಸಿ ಹೊರಗೆ ತಳ್ಳುತ್ತವೆ. ಈ ರೋಗಾಣು ಆ ರೋಮಗಳನ್ನೇ ಹಾಳು ಮಾಡುತ್ತದೆ. ಗುಡಿಸುವವರು ಇಲ್ಲದ ಮನೆಗೆ ಉಳಿದ ರೋಗಾಣುಗಳೆಲ್ಲ ನುಗ್ಗುತ್ತವೆ. ಸಾಕುಕುರಿ, ಆಡುಗಳ ಮೂಗಿನಲ್ಲಿ ಇದು ಇರುತ್ತದೆ, ಅವುಗಳಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಬೆದೆ ಕಾಲದಲ್ಲಿ ಒಂಟಿ ಟಗರು ಹೆಣ್ಣು ಹುಡುಕಿಕೊಂಡು ಬೆಟ್ಟ ಇಳಿದು ಸಾಕುಮಂದೆ ಹತ್ತಿರ ಬಂದು ಮೂತಿಗೆ ಮೂತಿ ತಾಗಿಸಿ ವಾಪಸು ಹೋದರೆ ಸಾಕು.

ಲಸಿಕೆ ಇಲ್ಲ. ಬೆಟ್ಟದ ಮೇಲಿನ ಕುರಿಗೆ ದಿನಾ ಇಂಜೆಕ್ಷನ್ ಕೊಡೋಕೂ ಆಗುವುದಿಲ್ಲ. ಹಾಗಾದರೆ ಏನು ಮಾಡಿದರು? ಒಂದೊಂದೇ ಕುರಿಯ ಹಿಂದೆ ಬಿದ್ದರು. ಆ ರಾತ್ರಿ ತಂಗಿ ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೇ.

ಚಳಿಗಾಲದಲ್ಲಿ ಹೆಲಿಕಾಪ್ಟರ್‌ನಿಂದ ಬಲೆ ಹಾರಿಸಿ ಕುರಿ ಹಿಡಿಯುತ್ತಾರೆ. ಹಿಡಿದ ಕೂಡಲೇ ಮೊದಲು ಕಣ್ಣಿಗೆ ಬಟ್ಟೆ. ಕಣ್ಣು ಮುಚ್ಚಿದರೆ ಗಾಬರಿ ಇಳಿಯುತ್ತದಂತೆ. ನಮ್ಮಲ್ಲೂ ಹಾಯುವ ಹಸುವಿಗೆ ಗೋಣಿ ಮುಚ್ಚುತ್ತೇವಲ್ಲ, ಹಾಗೇ. ಕಾಲು ಕಟ್ಟಿ, ಜ್ವರ ನೋಡುತ್ತಾ ಇರಬೇಕು. ಓಡಿಸಿದ ಗಾಬರಿಗೆ ಮೈ ಬಿಸಿ ಏರಿದರೆ ನೀರು ಹಾಕಿ ತಣಿಸಿ ಬೇಗ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಹಿಡಿದ ಆಘಾತಕ್ಕೇ ಮೂರು ನಾಲ್ಕು ದಿನ ಬಿಟ್ಟು ಸಾಯುವುದುಂಟು. ಮೂಗಿನೊಳಗೆ ಹತ್ತಿ ಕಡ್ಡಿ ಆಡಿಸಿ ಮಾದರಿ ತೆಗೆಯುತ್ತಾರೆ. ಸ್ವಲ್ಪ ರಕ್ತ. ಕಿವಿಗೆ ಓಲೆ. ಕುತ್ತಿಗೆಗೆ ರೇಡಿಯೋ ಪಟ್ಟಿ. ಎಲ್ಲ ಕೆಲವೇ ನಿಮಿಷ.

ಆ ಪಟ್ಟಿ ದಿನವೂ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತಾ ಇರುತ್ತದೆ. ಎದುರು ಗುಡ್ಡದ ಮೇಲೆ ಆಂಟೆನಾ ಹಿಡಿದು ನಿಂತರೆ ಕೇಳಿಸುತ್ತದೆ. ಕುರಿ ಕೆಲವು ಗಂಟೆ ಅಲುಗಾಡದೆ ಬಿದ್ದಿದ್ದರೆ ಲಯ ಬದಲಾಗಿ ಟಿಕ್‌ಟಿಕ್‌ಟಿಕ್ ಅಂತ ಬೇಗ ಬೇಗ ಬಡಿದುಕೊಳ್ಳುತ್ತದೆ. ಮರಿಗಳಿಗೂ ಪಟ್ಟಿ ಉಂಟು, ಹಿಗ್ಗುವಂಥದ್ದು, ಮರಿ ಬೆಳೆದ ಹಾಗೆ ಸಡಿಲವಾಗಿ ಕೊನೆಗೆ ತಾನೇ ಕಳಚಿ ಬೀಳುತ್ತದೆ. ತಂಗಿ ಹೇಳಿದಳು, "ಬೆಳಗ್ಗೆ ಎದ್ದು ಹೆಡ್‌ಫೋನ್ ಹಾಕಿ ಒಂದೊಂದೇ ಮರಿಯ ನಂಬರ್ ತಿರುಗಿಸ್ತಾ ಹೋಗ್ತೀನಿ ಅಕ್ಕಾ. ನಿಧಾನ ಟಿಕ್ ಕೇಳಿದ್ರೆ ಉಸಿರು ಬಿಡ್ತೀನಿ. ಬೇಗ ಬಡಿದುಕೊಂಡರೆ ಚೀಲ ಹಾಕ್ಕೊಂಡು ಹೊರಡೋದು." ನರಿ, ಹದ್ದು ಮುಟ್ಟುವ ಮೊದಲು ಮರಿಯ ಹತ್ತಿರ ತಲುಪಬೇಕು. ತಡವಾದರೆ ಶ್ವಾಸಕೋಶವೇ ಸಿಗುವುದಿಲ್ಲ, ಯಾಕೆ ಸತ್ತಿತು ಎಂದು ಯಾರೂ ಹೇಳಲಾರರು.

ಶ್ವಾಸಕೋಶ ಅಂದಾಗ ನನಗೆ ಹೋದ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಪಕ್ಕದ ಕೇರಿಯ ಒಬ್ಬರ ಮನೆಯಲ್ಲಿ ಆಡಿನ ಮರಿ ಸತ್ತಿತ್ತು. ಡಾಕ್ಟರ್ ಬಂದು ಮನೆ ಹಿಂದೆ ಹಲಸಿನ ಮರದ ಕೆಳಗೆ ಕೊಯ್ದು ನೋಡಿದರು. ನಾನು ಬಕೆಟ್ ಹಿಡಿದು ಪಕ್ಕದಲ್ಲಿ ಇದ್ದೆ. ಶ್ವಾಸಕೋಶದ ಹಿಂಭಾಗ ನಸುಗೆಂಪು, ಒತ್ತಿದರೆ ಸ್ಪಂಜಿನ ಹಾಗೆ. ಮುಂಭಾಗ ಮಾತ್ರ ಕಪ್ಪುಗೆಂಪು, ಗಟ್ಟಿ. ಈಲಿ ಇರುತ್ತದಲ್ಲ, ಥೇಟ್ ಹಾಗೆ. ಡಾಕ್ಟರ್ ಎರಡೂ ಕಡೆಯಿಂದ ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ ನನ್ನ ಬಕೆಟ್ ನೀರಿಗೆ ಹಾಕಿದರು. ನಸುಗೆಂಪು ತುಂಡು ತೇಲಿತು. ಕಪ್ಪು ತುಂಡು ಕಲ್ಲಿನ ಹಾಗೆ ತಳಕ್ಕೆ ಹೋಯಿತು. "ಗಾಳಿ ಇರಬೇಕಾದ ಜಾಗದಲ್ಲಿ ಗಾಳಿಯೇ ಇಲ್ಲ ನೋಡಮ್ಮ" ಅಂದರು. ಮರಿ ಸಾಕಿದ ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಆ ತುಂಡು ಮುಳುಗಿದ್ದನ್ನು ಅವನೂ ನೋಡಿದ. ಈಗಲೂ ನೀರು ತುಂಬಿದ ಬಕೆಟ್ ನೋಡಿದರೆ ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ.

ಕಣಿವೆಯ ಕಥೆಗೆ ಬರುತ್ತೇನೆ. ವರ್ಷ ವರ್ಷ ಅದೇ ಕುರಿಗಳನ್ನು ಹಿಡಿದು ಮೂಗು ಪರೀಕ್ಷೆ ಮಾಡಿದಾಗ ಒಂದು ವಿಷಯ ತಿಳಿಯಿತು. ರೋಗದಿಂದ ಉಳಿದ ಹೆಚ್ಚಿನ ಕುರಿಗಳ ಮೂಗಿನಲ್ಲಿ ರೋಗಾಣು ಇರಲಿಲ್ಲ. ಅವು ನಿಜವಾಗಿಯೂ ವಾಸಿಯಾಗಿದ್ದವು. ಆದರೆ ಕೆಲವು ಹೆಣ್ಣುಕುರಿಗಳಲ್ಲಿ ಮಾತ್ರ ಎಷ್ಟು ಸಲ ನೋಡಿದರೂ ಇದ್ದೇ ಇತ್ತು. ಒಂದು ಹಿಂಡಿನಲ್ಲಿ ಅಂಥವು ಕೆಲವೇ ಕೆಲವು. ನೋಡೋಕೆ ಮೈ ತುಂಬಿಕೊಂಡು ಚೆನ್ನಾಗಿರುತ್ತವೆ, ಈಯುತ್ತವೆ, ಹಾಲು ಕೊಡುತ್ತವೆ. ಮರಿಗಳು ಒಟ್ಟಿಗೆ ಆಡುವ ಪ್ರಾಣಿಗಳು. ರೋಗ ತಾಯಿಯಿಂದ ತನ್ನ ಮರಿಗೆ, ಆ ಮರಿಯಿಂದ ಹಿಂಡಿನ ಮರಿಗಳಿಗೆಲ್ಲ.

ಇಡಾಹೊ ವನ್ಯಜೀವಿ ಇಲಾಖೆಯ ಫ್ರಾನ್ಸಿಸ್ ಕ್ಯಾಸಿರರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಅಂಥ ಕುರಿಗಳನ್ನು ಹುಡುಕಿ ಹಿಂಡಿನಿಂದ ತೆಗೆದರು. ತೆಗೆದ ಹಿಂಡುಗಳಲ್ಲಿ ಮರಿಗಳು ಉಳಿಯೋಕೆ ಶುರುವಾಯಿತು. ಸೌತ್ ಡಕೋಟದ ಕಸ್ಟರ್ ಉದ್ಯಾನದಲ್ಲೂ ಹೀಗೇ ಮಾಡಿ ನೋಡಿದರು, ಅಲ್ಲೂ ಮರಿಗಳು ಉಳಿದವು. ಚೆನ್ನಾಗಿರುವ ಕುರಿಯನ್ನು ತೆಗೆಯುವುದು ಕಷ್ಟದ ಮಾತೇ. ತಂಗಿಗೂ ಅದು ಕಷ್ಟ. ಆದರೆ ಒಂದು ಕುರಿಯಿಂದಾಗಿ ಪ್ರತಿ ಬೇಸಿಗೆಯಲ್ಲೂ ಹಿಂಡಿನ ಮರಿಗಳೆಲ್ಲ ಉಸಿರುಕಟ್ಟಿ ಸಾಯುವುದನ್ನು ಕಿವಿಯಲ್ಲಿ ಕೇಳಿದವಳು ಅವಳು. ನಾನಾಗಿದ್ದರೂ ತೆಗೆಯುತ್ತಿದ್ದೆ.

ಚೆನ್ನಾಗಿ ಕಾಣುವ ಪ್ರಾಣಿ ರೋಗ ತರುವುದು ನಮ್ಮ ಮನೆಗೆ ಹೊಸದಲ್ಲ. 2013ರಲ್ಲಿ ರಾಜ್ಯದಲ್ಲೆಲ್ಲ ಕಾಲುಬಾಯಿ ಜ್ವರ ಎದ್ದಿತ್ತು. ಆ ವರ್ಷ ಅಪ್ಪ ಸಂತೆಯಿಂದ ಒಂದು ಹಸು ತಂದರು. ಹೊಳೆಯುವ ಮೈ, ತಣ್ಣನೆ ಮೂಗು, ಕೊಟ್ಟಿದ್ದೆಲ್ಲ ತಿನ್ನುತ್ತಿತ್ತು. ಬಂದ ದಿನವೇ ಕೊಟ್ಟಿಗೆಯಲ್ಲಿ ಉಳಿದವುಗಳ ಜೊತೆ ಕಟ್ಟಿದೆವು. ಐದನೇ ದಿನ ಅದು ಜೊಲ್ಲು ಸುರಿಸಿತು. ವಾರ ಕಳೆಯುವಷ್ಟರಲ್ಲಿ ಎಲ್ಲವೂ ಕಾಲು ಕುಂಟಿದವು. ಅಜ್ಜಿಯ ಗಿಡ್ಡ ತಳಿಯ ಕೆಂದ ಹಸುವಿನ ಕರು, ತಾಯಿಯ ಕೆಚ್ಚಲು ಹುಣ್ಣಾಗಿ ಹಾಲು ಕುಡಿಯಲಾರದೆ, ಅಜ್ಜಿಯ ಮಡಿಲಲ್ಲೇ ಹೋಯಿತು. ಆ ಜ್ವರ ಮೈಯಲ್ಲಿ ಎರಡು ದಿನದಿಂದ ಎರಡು ವಾರದವರೆಗೆ ಸುಮ್ನೆ ಕೂತಿರಬಹುದು, ಲಕ್ಷಣ ಕಾಣುವ ಮೊದಲೇ ಹರಡಬಹುದು ಎಂದು ನನಗೆ ತಿಳಿದದ್ದು ಪಶುಸಖಿ ಆದ ಮೇಲೆ. ಈಗ ಯಾರಾದರೂ ಹೊಸ ಹಸು, ಆಡು ತಂದರೆ ಮೂರು ವಾರ ಬೇರೆ ಕಟ್ಟಿ ಅಂತ ಕಾಲಿಗೆ ಬೀಳುವುದೊಂದು ಬಾಕಿ.

ಕಾಡಿಗೂ ಕೊಟ್ಟಿಗೆಗೂ ಬೇಲಿ ಇಲ್ಲ ಅನ್ನುವುದನ್ನೂ ಮಲೆನಾಡಿನವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. 1989ರ ಸುಮಾರಿಗೆ ಭದ್ರಾ ಕಾಡಿನಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು, ಅಂದರೆ ಕಾಡುಕೋಣಗಳು, ರಾಶಿ ರಾಶಿ ಸತ್ತವು. ದನಗಳ ರೋಗ ಅದು. ದೇಶ ದೇಶಗಳಲ್ಲಿ ವರ್ಷಗಟ್ಟಲೆ ಲಸಿಕೆ ಹಾಕಿ, ರೋಗದ ಜಾಡು ಹಿಡಿದು ಓಡಾಡಿ, 2011ರಲ್ಲಿ ಆ ರೋಗವನ್ನು ಭೂಮಿ ಮೇಲಿಂದಲೇ ಅಳಿಸಿದರು. ಅದರ ತಮ್ಮನ ಹಾಗಿರುವ ಪಿಪಿಆರ್, ನಾವು ಆಡುಕುರಿಗಳ ಹಿರೇಬೇನೆ ಅನ್ನುವುದು, ಇನ್ನೂ ಇದೆ. ಅದನ್ನು 2030ರೊಳಗೆ ಮುಗಿಸಬೇಕು ಎಂದು ಗುರಿ ಇಟ್ಟಿದ್ದಾರೆ. ಅದಕ್ಕೆ ಒಳ್ಳೆಯ ಲಸಿಕೆ ಇದೆ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಕಾಯುತ್ತದೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದದ್ದೇ ಮೊದಲ ಸುಳಿವು. ಆ ಊರಿನ ಹೆಸರೇ ರೋಗಕ್ಕೆ ಬಂತು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ ಅನ್ನುವುದು. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ ಶುರುವಾಗಿ 2019ರವರೆಗೂ ಜನ ಸತ್ತಾಗ ನಾವೆಲ್ಲ ತೋಟಕ್ಕೆ ಕಾಲಿಡೋಕೆ ಹೆದರಿದ್ದೆವು. ಕಾಡಿನಿಂದ ವಾಸನೆ ಬಂದರೆ ಎಲ್ಲಿಂದ ಅಂತ ಹುಡುಕುತ್ತಿದ್ದೆವು. ತಂಗಿಯ ಹೆಡ್‌ಫೋನಿನ ಬೇಗದ ಟಿಕ್‌ಟಿಕ್ ಬಗ್ಗೆ ಕೇಳುವಾಗ ನನಗೆ ಆ ವಾಸನೆಯೇ ನೆನಪಾದದ್ದು.

ಆದರೂ ನಮ್ಮಲ್ಲಿ ಈಗಲೂ ಸತ್ತ ಕರು, ಸತ್ತ ಮರಿಯನ್ನು ಹಳ್ಳಕ್ಕೆ ಎಸೆಯುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ. ಆ ಕಣಿವೆಯಲ್ಲಿ ಒಂದು ಸತ್ತ ಮರಿಗಾಗಿ ಅರ್ಧ ದಿನ ಬಂಡೆ ಹತ್ತುತ್ತಾರೆ. ನಮ್ಮ ಮನೆ ಹಿಂದೆಯೇ ಸತ್ತ ಮರಿ ಏನು ಹೇಳುತ್ತದೆ ಅಂತ ಕೇಳುವ ಮೊದಲೇ ನೀರಿಗೆ ಬಿಡುತ್ತೇವೆ. ಕೆಳಗಿನ ಊರಿನವರು ಅದೇ ನೀರನ್ನು ದನಕ್ಕೆ ಕುಡಿಸುತ್ತಾರೆ.

ಮಾರನೇ ದಿನ ಬೆಳಗ್ಗೆ ಪುಸ್ತಕ ಹಿಡಿದು ಮಂದೆಯ ಹತ್ತಿರ ಹೋದೆ. ಹಿರಿಯ ಕುರಿಗಾಹಿ ಕಂಬಳಿ ಹೊದ್ದು ಬೆಂಕಿ ಮುಂದೆ ಕೂತಿದ್ದರು. ಅವರ ಸೊಸೆ ರೊಟ್ಟಿ ತಟ್ಟುತ್ತಿದ್ದಳು. ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದೆ. ಹೋದ ಕಡೆಯೊಂದರಲ್ಲಿ ಕೇಳಿದ್ದರಂತೆ, "ನಿಮ್ಮ ತಾಲ್ಲೂಕಿನಲ್ಲೇ ಹಾಕಿಸಿಕೊಳ್ಳಿ" ಅಂತ ಕಳಿಸಿದರಂತೆ. ವರ್ಷದಲ್ಲಿ ಎಂಟು ತಿಂಗಳು ರಸ್ತೆ ಮೇಲಿರುವವರ ತಾಲ್ಲೂಕು ಯಾವುದು? ಎಲ್ಲರಿಗಿಂತ ಜಾಸ್ತಿ ಊರು ಸುತ್ತುವ ಕುರಿಗಳಿಗೇ ಲಸಿಕೆ ತಪ್ಪುವುದು ಅಂದರೆ ನನಗೆ ಅರ್ಥವೇ ಆಗುವುದಿಲ್ಲ. ದನಗಳಿಗೆ 12 ಅಂಕಿಯ ಹಳದಿ ಓಲೆ ಇದೆ, ಎಲ್ಲಿ ಹೋದರೂ ಅದರ ಲೆಕ್ಕ ಸಿಗುತ್ತದೆ. ಈ ಕುರಿಗಳಿಗೂ ಅಂಥದ್ದೊಂದು ಬೇಕು, ಮತ್ತು ಮಂದೆ ಎಲ್ಲಿ ತಂಗಿದೆಯೋ ಅಲ್ಲೇ ಸೂಜಿ ಸಿಗಬೇಕು. ನಮ್ಮ ಡಾಕ್ಟರ್‌ಗೆ ಫೋನ್ ಮಾಡಿದೆ. ಮಧ್ಯಾಹ್ನ ಬರುತ್ತೇನೆ ಅಂದರು, ಬಂದರು ಕೂಡ.

ಕಾಯುತ್ತಾ ಕೂತಾಗ ನಾನು ಹಿರಿಯರನ್ನು ಕೇಳಿದೆ, ಕೆಮ್ಮುವ ಮರಿಗಳ ತಾಯಿ ಯಾವುವು, ಎಣಿಸಿ ಇಟ್ಟಿದ್ದೀರಾ ಅಂತ.

"ನಾವು ಎಣಿಸೋದಿಲ್ರೀ ಅಕ್ಕಾರ, ಮಾರಿ ನೋಡ್ತೀವಿ" ಅಂದರು. ಮಾರಿ ಅಂದರೆ ಅವರ ಕಡೆ ಮುಖ.

ಎದ್ದು ಮಂದೆಯೊಳಗೆ ನಡೆದು ಹೋದರು. ಮುನ್ನೂರು ಕುರಿಗಳ ಮಧ್ಯೆ ಬಗ್ಗಿ ಬಗ್ಗಿ ನೋಡಿ ಒಂದನ್ನು ಕಿವಿ ಹಿಡಿದು ಎಳೆದು ತಂದರು. ಕರಿಯ ಮೂತಿ, ಎಡಗಿವಿಯ ತುದಿ ಸ್ವಲ್ಪ ಸೀಳಿದೆ. ಮೈ ತುಂಬಿಕೊಂಡ ಚೆಂದದ ಕುರಿ. "ಇದು ಚಲೋ ಐತ್ರೀ. ಹಾಲೂ ಐತಿ. ಆದ್ರ ಇದರ ಮರಿ ಉಳಿಯಂಗಿಲ್ಲ. ಹೋದ ವರ್ಷನೂ ಹಂಗ ಆತು, ಅದರ ಹಿಂದಿನ ವರ್ಷನೂ ಹಂಗ. ಈ ವರ್ಷ ಮೊದಲು ಕೆಮ್ಮಿದ್ದೂ ಇದರ ಮರೀನ."

ನನಗೆ ಮೈ ಜುಂ ಅಂದಿತು. ತಂಗಿ ಹೆಲಿಕಾಪ್ಟರ್, ಬಲೆ, ರೇಡಿಯೋ ಪಟ್ಟಿ ಇಟ್ಟುಕೊಂಡು ಹುಡುಕುವುದನ್ನು ಇವರು ಮೂರು ವರ್ಷದಿಂದ ತಲೆಯೊಳಗೆ ಇಟ್ಟುಕೊಂಡು ನಡೆಯುತ್ತಿದ್ದಾರೆ. ಯಾರೂ ಕೇಳಿರಲಿಲ್ಲ, ಅಷ್ಟೇ. ಆ ಕುರಿಯೇ ಕಾರಣ ಎಂದು ನಾನು ಹೇಳುವುದಿಲ್ಲ. ಕೆಮ್ಮಿಗೆ ಹತ್ತು ಕಾರಣ ಇರುತ್ತವೆ, ಜಂತುಹುಳದಿಂದಲೂ ಬರುತ್ತದೆ, ಚಳಿಯಲ್ಲಿ ನೆನೆದರೂ ಬರುತ್ತದೆ. ಡಾಕ್ಟರ್ ಕೂಡ ಅದನ್ನೇ ಹೇಳಿದರು. ಐದು ಮರಿಗಳ ಮೂಗಿನಿಂದ, ಆ ಕುರಿಯ ಮೂಗಿನಿಂದ ಮಾದರಿ ತೆಗೆದು ಐಸ್ ಡಬ್ಬಿಗೆ ಹಾಕಿಕೊಂಡರು. ಮರಿಗಳಿಗೆ ಔಷಧ ಕೊಟ್ಟರು. ಅವನ್ನೂ ತಾಯಿಗಳನ್ನೂ ಬೇರೆ ದೊಡ್ಡಿ ಮಾಡಿ ನಮ್ಮ ಹಳೇ ಹುಲ್ಲುಮನೆಯ ಪಕ್ಕ ಇರಿಸಿದೆವು. ಉಳಿದವುಗಳಲ್ಲಿ ಜ್ವರ ಇಲ್ಲದವಕ್ಕೆ ಪಿಪಿಆರ್ ಲಸಿಕೆ ಹಾಕಿ ಮುಗಿಸುವಾಗ ಸೂರ್ಯ ಅಡಿಕೆ ಮರಗಳ ಹಿಂದೆ ಇಳಿದಿದ್ದ.

ಓಲೆ ಇರಲಿಲ್ಲ. ಆ ಕುರಿಯನ್ನು ಮುಂದೆ ಯಾರಾದರೂ ಗುರುತಿಸಬೇಕಲ್ಲ ಅಂದೆ. ಸೊಸೆ ತನ್ನ ಗಂಟಿನಿಂದ ಕೆಂಪು ಉಲ್ಲನ್ ದಾರ ತೆಗೆದಳು. ಮೂರೆಳೆ ಹೆಣೆದು ಕುರಿಯ ಕುತ್ತಿಗೆಗೆ ಕಟ್ಟಿ, ಎರಡು ಬೆರಳು ಒಳಗೆ ಹಾಕಿ ಬಿಗಿ ಆಗಿಲ್ಲ ಅಂತ ನೋಡಿದಳು. ನಾನು ಪುಸ್ತಕದಲ್ಲಿ ಬರೆದೆ: ಕರಿ ಮೂತಿ, ಎಡಗಿವಿ ಸೀಳು, ಕೆಂಪು ದಾರ, ಎರಡು ವರ್ಷ ಮರಿ ನಿಂತಿಲ್ಲ, ಈ ವರ್ಷದ್ದೂ ಕೆಮ್ಮುತ್ತಿದೆ. ಅವಳ ಫೋನ್ ನಂಬರ್ ಬರೆದುಕೊಂಡೆ. ಮುಂದಿನ ಸಲ ಆ ಕುರಿ ಈದರೆ ಎಲ್ಲೇ ಇದ್ದರೂ ನನಗೆ ತಿಳಿಸಬೇಕು, ಮರಿ ಕೆಮ್ಮಿದರೆ ಕೂಡಲೇ ತಿಳಿಸಬೇಕು ಎಂದು ಮಾತಾಯಿತು.

ಐದರಲ್ಲಿ ನಾಲ್ಕು ಮರಿ ಉಳಿದವು. ಮಾದರಿಯ ಫಲಿತಾಂಶ ಇನ್ನೂ ಬಂದಿಲ್ಲ. ಹತ್ತನೇ ದಿನ ನಸುಕಿನಲ್ಲಿ ಮಂದೆ ಶಿಕಾರಿಪುರದ ಕಡೆ ಹೊರಟಿತು. ಉಳಿದ ಕುರಿಗಳಿಂದ ಒಂದು ಮಾರು ಹಿಂದೆ, ಸೊಸೆ ಹಗ್ಗ ಹಿಡಿದು ಆ ಒಂದನ್ನು ಬೇರೆಯಾಗಿ ನಡೆಸಿಕೊಂಡು ಹೋಗುತ್ತಿದ್ದಳು. ಮಂಜಿನಲ್ಲಿ ಕುರಿ ಕಾಣಿಸುತ್ತಿರಲಿಲ್ಲ. ದಾರ ಮಾತ್ರ ತುಂಬಾ ದೂರದವರೆಗೂ ಕಾಣಿಸುತ್ತಿತ್ತು.